‘ಬೇಡ’ ಎಂಬ ಫೋಲ್ಡರ್

ಊರಿನ ಫೋಟೋಗ್ರಾಫರುಗಳ ವಾಟ್ಸಾಪ್ ಗ್ರೂಪಿನಲ್ಲಿ ಅವಳಿಗೆ ‘ಜರಡಿ’ ಎಂದೇ ಹೆಸರು. ಒಂದು ಮದುವೆಯಲ್ಲಿ ನಾಲ್ಕು ಸಾವಿರ ಚಿತ್ರ ತೆಗೆದರೆ ನಾನೂರನ್ನು ಉಳಿಸಿ, ಮಿಕ್ಕದ್ದನ್ನು ಮುಲಾಜಿಲ್ಲದೆ ‘ಬೇಡ’ ಎಂಬ ಫೋಲ್ಡರಿಗೆ ತಳ್ಳುವವಳು. ಈಚೆಗೆ ಆ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಿದ್ದಳು. ಯಾರದ್ದಾದರೂ ಕಣ್ಣು ಮುಚ್ಚಿದ್ದರೆ ಆ ಚಿತ್ರ ತಾನಾಗಿಯೇ ಆಚೆ ಹೋಗಬೇಕು. ಈ ಉಪಾಯವನ್ನು ಗ್ರೂಪಿನವರಿಗೆಲ್ಲ ಹೇಳಿಕೊಟ್ಟು ಬೆನ್ನು ತಟ್ಟಿಸಿಕೊಂಡೂ ಆಗಿತ್ತು.

ಆ ಬೆಳಿಗ್ಗೆ ಹೊಸ ಮದುಮಗಳಿಗೆ ಚಿತ್ರಗಳ ಲಿಂಕ್ ಕಳಿಸಿ ಕಾಫಿ ಲೋಟ ಎತ್ತಿಕೊಳ್ಳುವಷ್ಟರಲ್ಲಿ ಫೋನ್ ಬಂತು.

“ಫೋಟೋ ಎಲ್ಲಾ ಚೆನ್ನಾಗಿ ಬಂದಿವೆ ಮೇಡಂ. ಆದ್ರೆ ನಮ್ಮಕ್ಕ ಒಂದರಲ್ಲೂ ಇಲ್ವಲ್ಲ.”

“ಇರ್ತಾರೆ, ಸರಿಯಾಗಿ ನೋಡಿ.”

“ಮೂರು ಸಲ ನೋಡ್ದೆ. ಸಂಜೆ ಆರಕ್ಕೆ ಮನೆಯವರೆಲ್ಲ ಟೀವಿಯಲ್ಲಿ ಹಾಕ್ಕೊಂಡು ನೋಡ್ತೀವಿ. ಒಂದೊಂದರಲ್ಲೂ ಏನಿದೆ ಅಂತ ಅಕ್ಕನಿಗೆ ಹೇಳೋಳು ನಾನೇ. ಇಲ್ಲದೇ ಇರೋಳನ್ನ ಇದ್ದಾಳೆ ಅಂತ ಹೇಗೆ ಹೇಳ್ಲಿ?”

ಜರಡಿ ಕಾಫಿ ಲೋಟವನ್ನು ಆಚೆ ಸರಿಸಿದಳು. ಆ ಅಕ್ಕನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ರೆಪ್ಪೆಗಳು ಸದಾ ಮುಚ್ಚಿಯೇ ಇರುತ್ತವೆ. ಮದುವೆಯ ದಿನ ಹೆಚ್ಚು ಹೊತ್ತು ತಂಗಿಯ ಪಕ್ಕದಲ್ಲೇ ಇದ್ದವಳು. ಮೊಣಕೈ ಹಿಡಿದು ಬೆಳಕಿದ್ದ ಕಡೆ ಆಕೆಯನ್ನು ನಿಲ್ಲಿಸಿದ್ದವಳು ಜರಡಿಯೇ. ಆಕೆ ಇದ್ದ ಪ್ರತಿ ಚಿತ್ರವನ್ನೂ ಕಂಪ್ಯೂಟರ್ ಹೆಕ್ಕಿ ಹೆಕ್ಕಿ ಆಚೆ ಹಾಕಿತ್ತು. ಮನೆಮಂದಿಯೆಲ್ಲ ಸೇರಿ ನಿಂತ ಚಿತ್ರಗಳಲ್ಲೂ ಆಕೆ ಬರುವ ಮೊದಲಿನವಷ್ಟೇ ಉಳಿದಿದ್ದವು. ಮನೆಮಗಳನ್ನೇ ಮದುವೆಯಿಂದ ಹೊರಗೆ ಹಾಕಿದಂತಾಗಿತ್ತು. ಕಂಪ್ಯೂಟರನ್ನು ಬೈದು ಪ್ರಯೋಜನವಿಲ್ಲ, ಅದಕ್ಕೆ ಹಾಗೆ ಹೇಳಿದವಳು ತಾನು. ಅವಳಿಗೆ ತುಂಬ ನಾಚಿಕೆಯಾಯಿತು.

“ಆರರೊಳಗೆ ಹೊಸ ಲಿಂಕ್ ಕೊಡ್ತೀನಿ,” ಎಂದಳು.

ಆ ಮದುವೆಗೆ ಎರಡನೇ ಕ್ಯಾಮೆರಾ ಹಿಡಿದು ಬಂದಿದ್ದ ಗೆಳೆಯ ಲಂಬು, ವಿಷಯ ಕೇಳಿ ಫೋನಿನಲ್ಲೇ ನಕ್ಕ. “ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀಯ? ನಾಲ್ಕು ಫೋಟೋಗೆ ತೆರೆದ ಕಣ್ಣು ಅಂಟಿಸಿ ಕಳಿಸು. ಹತ್ತು ನಿಮಿಷದ ಕೆಲಸ. ಅವರಿಗೇನು ಕಾಣುತ್ತಾ?”

“ತಂಗಿಗೆ ಕಾಣುತ್ತೆ. ನಂಗೂ ಕಾಣುತ್ತೆ. ಇಡು ಫೋನು.”

‘ಬೇಡ’ದಲ್ಲಿ ಮೂರು ಸಾವಿರದ ಆರುನೂರು ಚಿತ್ರಗಳಿದ್ದವು. ಅವಳು ಕುರ್ಚಿ ಎಳೆದುಕೊಂಡು, ಸೆರಗು ಸಿಕ್ಕಿಸಿ, ಒಂದೊಂದನ್ನೇ ನೋಡುತ್ತ ಹೋದಳು. ಮಧ್ಯಾಹ್ನ ಅಮ್ಮ ಊಟದ ತಟ್ಟೆ ತಂದಿಟ್ಟು, “ಅದರೊಳಗೇ ಇಳಿದುಬಿಡು ಇನ್ನು,” ಎಂದು ಗೊಣಗಿ ಹೋದಳು. ಅನ್ನ ಆರಿತು, ಕುತ್ತಿಗೆ ಸೆಟೆದುಕೊಂಡಿತು. ಅವಳು ಏಳಲಿಲ್ಲ.

ಅಕ್ಕ ಸಿಗತೊಡಗಿದಳು. ತಂಗಿಯ ತೋಳಿನ ಕಸೂತಿಯನ್ನು ಬೆರಳಲ್ಲಿ ಸವರಿ ನೋಡುತ್ತಿದ್ದಾಳೆ. ಅಪ್ಪ ಅಪಸ್ವರದಲ್ಲಿ ಹಾಡುವಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಅಳುತ್ತಿರುವ ತಂಗಿಯ ಕೆನ್ನೆಯ ಮೇಲೆ ಅಂಗೈ ಇಟ್ಟು, ಒದ್ದೆಯಾಗಿದೆಯೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದಾಳೆ. ಇಡೀ ಮದುವೆಯಲ್ಲಿ ಇದಕ್ಕಿಂತ ಒಳ್ಳೆಯ ಚಿತ್ರ ಇರಲಿಲ್ಲ. ಜರಡಿ ಬಣ್ಣ ತಿದ್ದಿದಳು, ಬೆಳಕು ಹೊಂದಿಸಿದಳು, ಆ ರೆಪ್ಪೆಗಳನ್ನು ಮಾತ್ರ ಮುಟ್ಟಲಿಲ್ಲ.

ಆರಕ್ಕೆ ಇಪ್ಪತ್ತು ನಿಮಿಷ ಇರುವಾಗ ನೂರ ಮೂವತ್ತಾರು ಚಿತ್ರ ಕಳಿಸಿ, ಗ್ರೂಪಿನಲ್ಲಿ ಬರೆದಳು: “ಕಣ್ಣು ಮುಚ್ಚಿದ್ದನ್ನ ತೆಗೆದುಹಾಕೋಕೆ ನಿಮಗೆಲ್ಲ ಹೇಳಿಕೊಟ್ಟಿದ್ದು ನಾನು. ತಪ್ಪು ನನ್ನದು. ನೀವು ತೆಗೆದುಹಾಕಿದ್ದನ್ನ ಇವತ್ತೇ ಒಂದು ಸಲ ನೋಡಿ.” ಮೊದಲಿಗೆ ಲಂಬು, “ನೋಡ್ತಾ ಇದೀನಿ,” ಎಂದು ಬರೆದ.

ಏಳೂವರೆಗೆ ಮದುಮಗಳ ಫೋನಿನಿಂದ ಅಕ್ಕನೇ ಮಾತಾಡಿದಳು. “ಬೆಳಿಗ್ಗೆ ನಾನು ಒಂದರಲ್ಲೂ ಇರ್ಲಿಲ್ವಂತೆ. ತಂಗಿ ಈಗ ಹೇಳಿದ್ಲು. ಯಾಕೆ ಹಾಗಾಯ್ತು?”

ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ಜರಡಿ ಅದನ್ನು ನುಂಗಿಕೊಂಡಳು. “ಕಣ್ಣು ಮುಚ್ಚಿರೋ ಫೋಟೋನೆಲ್ಲ ನಾನು ನೋಡದೇನೇ ಆಚೆ ಹಾಕಿದ್ದೆ. ತಪ್ಪಾಯ್ತು.”

“ನೋಡದೇನೇ?”

“ನೋಡದೇನೇ.”

“ಮುಂದಿನ ಸಲ ಆ ಕೆಲಸಕ್ಕೆ ನನ್ನನ್ನ ಕರೀರಿ ಮೇಡಂ,” ಎಂದಳು ಅಕ್ಕ. “ನೋಡದೇ ಆರಿಸೋದು ನಿಮಗಿಂತ ನಂಗೆ ಚೆನ್ನಾಗಿ ಬರುತ್ತೆ.”