ಆರು ಮತ್ತು ಹನ್ನೊಂದು

"ಎರಡೂ ತಾಳೆ ಆಗಬೇಕು. ಅಷ್ಟ ನೋಡ್ರಿ ನೀವು," ಎಂದು ಮ್ಯಾನೇಜರ್ ವಿರೂಪಾಕ್ಷ ಕೌಂಟರಿನ ಮೇಲೆ ಬೆರಳು ಕುಟ್ಟಿದ.

ರಾಜೇಶ್ವರಿಯ ಎಡಕ್ಕೆ ಹಳೆಯ ಕಂಪ್ಯೂಟರು, ಬಲಕ್ಕೆ ಹೊಸದು. ಬೈಲಹೊಂಗಲದ ಆ ಸಣ್ಣ ಹೆರಿಗೆ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂದಂದಿನಿಂದ ಆಕೆಗೆ ರೋಗಿಗಳ ವಿವರ, ವರದಿ ತುಂಬುವ ಒಂದೇ ಕೆಲಸ ಎರಡು ಸಲ. ಹೊಸದು ಸರಿಯಾಗಿ ನಡೆಯುತ್ತದೆಂದು ಖಾತ್ರಿಯಾಗುವ ತನಕ ಹಳೆಯದನ್ನು ಬಿಡುವಂತಿರಲಿಲ್ಲ. ಕೈಗೆ ರೂಢಿಯಾದ ಹಳೆಯದರಲ್ಲಿ ಮೊದಲು ತುಂಬಿಕೊಂಡು, ಬಿಡುವಾದಾಗ ಹೊಸದಕ್ಕೆ ಏರಿಸುತ್ತಿದ್ದಳು. ಡಾಕ್ಟರು ಮಾತ್ರ ಹೊಸದನ್ನಷ್ಟೇ ನೋಡುತ್ತಿದ್ದರು, ತಮ್ಮ ಮೊಬೈಲಿನಲ್ಲಿ.

ನಿನ್ನೆ ಸಂಜೆ ತನ್ನೂರು ನೇಸರಗಿಯ ಬಸ್ಸು ತಪ್ಪೀತೆಂದು ಆಕೆ ಹೊಸದನ್ನು ಮುಂಜಾನೆಗೆ ಬಿಟ್ಟು ಎದ್ದಿದ್ದಳು. ಹಾಗೆ ಉಳಿದದ್ದರಲ್ಲಿ ಹೆರಿಗೆಗೆ ಬಂದು ಸೇರಿದ್ದ ಪೂನಮಳ ರಕ್ತದ ವರದಿಯೂ ಇತ್ತು. ಹಳೆಯ ಪರದೆಯ ಮೇಲೆ ಹಿಮೋಗ್ಲೋಬಿನ್ ಆರು. ಹೊಸದರ ಮೇಲೆ, ಹಿಂದೊಮ್ಮೆ ತಪಾಸಣೆಗೆ ಬಂದಾಗಿನ ಹನ್ನೊಂದು ಹಾಗೇ ಕೂತಿತ್ತು. ನಸುಕಿನಲ್ಲಿ ಹೆರಿಗೆಯಾಯಿತು, ರಕ್ತ ನಿಲ್ಲಲಿಲ್ಲ. ಹನ್ನೊಂದಿದೆಯಲ್ಲ ಎಂದು ಯಾರೂ ರಕ್ತ ತರಿಸಿಟ್ಟಿರಲಿಲ್ಲ. ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಪೂನಮಳನ್ನು ಬೆಳಗಾವಿಯ ದೊಡ್ಡಾಸ್ಪತ್ರೆಗೆ ಒಯ್ದಿದ್ದರು.

"ಹಳೇದ್ರಾಗೂ ಹನ್ನೊಂದು ಮಾಡಿಬಿಡ್ರಿ," ವಿರೂಪಾಕ್ಷ ದನಿ ತಗ್ಗಿಸಿದ. "ನಾಳೆ ಯಾರರೆ ಕೇಳಿದ್ರ ಎರಡೂ ಒಂದ ಹೇಳಬೇಕು. ನಿಮ್ಮ ಸಲುವಾಗೇ ಹೇಳಾಕತ್ತೇನಿ. ಮೊದಲ ಸಿಕ್ಕೊಳ್ಳಾಕಿ ನೀವ."

"ಸರ್, ಆಕಿ ಇನ್ನೂ ಜೀವಂತ ಅದಾಳ್ರಿ."

"ಅದಾಳಂತನ ಈಗ ಮಾಡ್ರಿ ಅಂದೆ," ಎಂದು ಆತ ಒಳಗೆ ಹೋದ.

ಎದುರಿನ ಬೆಂಚಿನ ಮೇಲೆ ಪೂನಮಳ ತಾಯಿ ಶೆಟ್ಟೆವ್ವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೈಯಲ್ಲಿನ ಫೋನಿನಿಂದ ತೊರಗಲ್ಲಿನ ಬೀಗತಿಯ, ಪೂನಮಳ ಅತ್ತೆಯ, ದನಿ ಕೌಂಟರಿನವರೆಗೂ ಕೇಳುತ್ತಿತ್ತು. "ಚೊಚ್ಚಲ ಬಾಣಂತನಕ್ಕಂತ ತವರಿಗೆ ಕಳಿಸಿದ್ವಿ, ಉಪಾಸ ಕೆಡವ್ರಿ ಅಂತಲ್ಲ! ಮೈಯಾಗ ರಕ್ತನ ಇಲ್ಲ ಅಂತಾರ ಬೆಳಗಾವ್ಯಾಗ, ಏನ ತಿನ್ನಿಸಿದ್ರಿ? ಬರೇ ನೀರೇನು?"

ಶೆಟ್ಟೆವ್ವ ಕೂಸಿನ ಸಮೇತ ಎದ್ದು ಬಂದು ಫೋನನ್ನು ರಾಜೇಶ್ವರಿಯ ಮುಂದೆ ಹಿಡಿದಳು.

"ಬಾಯಾರ, ನೀವರ ಹೇಳ್ರಿ ಇವರಿಗೆ. ಸಜ್ಜಕ, ತುಪ್ಪ, ತತ್ತಿ, ಏನ ಬೇಡಿದ್ರೂ ಮಾಡಿ ಹಾಕೇನ್ರಿ. ಆಕಿಗೆ ರಕ್ತ ಚಲೋ ಇತ್ತಂತ ಕಂಪ್ಯೂಟರ್ ನೋಡಿ ಹೇಳ್ರಿ. ನನ್ನ ಮಾತು ನಂಬಂಗಿಲ್ಲ ಅವರು."

ಹನ್ನೊಂದು ಎಂದರೆ ಸಾಕಿತ್ತು. ಆ ಒಂದು ಮಾತಿಗೆ ಈ ಹೆಂಗಸೂ ಬಚಾವು, ತಾನೂ ಬಚಾವು. ಆದರೆ ರಕ್ತ ಚಲೋ ಇದ್ದವಳಿಗೆ ಹೀಗೇಕಾಯಿತೆಂದು ಇದೇ ದನಿ ನಾಳೆ ಕೇಳುತ್ತದೆ. ಆಗಲೂ ಕಟಕಟೆಯಲ್ಲಿ ನಿಲ್ಲುವವಳು ಶೆಟ್ಟೆವ್ವನೇ.

"ಆರು ಇತ್ರಿ," ಎಂದಳು ರಾಜೇಶ್ವರಿ, ಫೋನಿಗೆ. "ನಿನ್ನೆ ಸಂಜೀಕನ ನನಗ ಗೊತ್ತಾಗಿತ್ತು. ಡಾಕ್ಟರಿಗೆ ಕಾಣುವಂಗ ನಾನ ಹಾಕಲಿಲ್ಲ. ಇವರದೇನೂ ತಪ್ಪಿಲ್ರಿ."

ಫೋನಿನ ದನಿ ಏರಿತು, "ಹಲೋ? ಯಾರ್ರಿ ನೀವು? ಹಲೋ?"

ಶೆಟ್ಟೆವ್ವ ಕೂಗುತ್ತಲೇ ಇದ್ದ ಫೋನನ್ನು ಕೌಂಟರಿನ ಮೇಲೆ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ರಾಜೇಶ್ವರಿಗೆ ಕಾಣದಂತೆ ಕೂಸಿನ ಮುಖದ ಮೇಲೆ ಸೆರಗು ಎಳೆದಳು.