ಬೆರಳೆತ್ತದ ಹರ್ಬರ್ಟ್ ಡೌಸ್

ಸತ್ತವನ ಬೆನ್ನು ಯಾಕೆ ಹತ್ತಿದೀಯ, ಬಿಡು ಅಂದ್ರೆ ಬಿಡ್ಬೇಕು, ಅಪ್ಪ ಮೇಜಿಗೆ ಅಂಗೈ ಬಡಿದ ರಭಸಕ್ಕೆ ಸಕ್ಕರೆ ಬಟ್ಟಲಿನ ಮುಚ್ಚಳ ಎದ್ದು ಕೂತಿತು, ಆ ಟಿಣ್ ಸದ್ದು ರೋಡಾಳ ಹಲ್ಲಿನ ಬುಡಕ್ಕೆ ತಾಗಿತು — ಬಿಡಲ್ಲ ಅಂದ್ರೆ ಬಿಡಲ್ಲ, ಅವಳೇನು ಕಡಿಮೆಯವಳೇ, ನಲವತ್ತೆಂಟು ವರ್ಷದ ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ಗದ್ದಲದ ಮೇಲೆ ದನಿ ಏರಿಸಿ ಏರಿಸಿ ಗಂಟಲು ತಗಡಾಗಿದೆ, ಆರು ಜನರ ಕಥೆ ಬರೆದಾಗ ಉಸಿರೆತ್ತಲಿಲ್ಲ ನೀನು, ಈ ಏಳನೆಯವನಿಗೆ ಮಾತ್ರ ಯಾಕಪ್ಪ ಅಡ್ಡಗಾಲು, ಅವನೇನು ನಿನ್ನ ಕೋಳಿ ಕದ್ದು ಸತ್ತಿದ್ನಾ. ಅಪ್ಪ ನಗಲಿಲ್ಲ, ಹರ್ಬರ್ಟ್ ಡೌಸ್ ನಕ್ಕದ್ದನ್ನು ಥೋರ್ಲ್‌ಬಿ ಊರು ಕಂಡದ್ದೇ ಕಡಿಮೆ, ಚಾಕು ಒಣದ್ರಾಕ್ಷಿ ಬ್ರೆಡ್ಡಿನೊಳಗೆ ಅರ್ಧ ಇಳಿದು ನಿಂತಿದೆ, ಇನ್ನೇನು ಚಹಾದ ಹೊತ್ತಿಗೆ ಸಂಡರ್ಲೆಂಡಿನಿಂದ ಆ ಹೆಂಗಸು ಬರುತ್ತಾಳೆ, ಆ ಏಳನೆಯವನ ತಂಗಿ, ಐವತ್ತೈದು ವರ್ಷದ ಮೇಲೆ ಅಣ್ಣನ ಗೋರಿಕಲ್ಲು ನೋಡಲು, ಅವಳಿಗಾಗಿ ಈ ಮೇಜು ಒರೆಸಬೇಕು, ಒಳ್ಳೆಯ ಬಟ್ಟಲು ತೆಗೆಯಬೇಕು, ಇವನು ನೋಡಿದರೆ ಕುಸ್ತಿಗೆ ನಿಂತಿದ್ದಾನೆ.

ಏಳು ಬಿಳಿ ಕಲ್ಲುಗಳು, ಚರ್ಚಿನ ಅಂಗಳದ ಬಡಗಣ ಗೋಡೆಯ ಉದ್ದಕ್ಕೆ, ಯುದ್ಧದಲ್ಲಿ ಸತ್ತವರಿಗೆ ಸರ್ಕಾರ ನೆಟ್ಟದ್ದು, ಎಲ್ಲ ಒಂದೇ ಅಳತೆ, ಊರಿನವರ ಬೂದು ಬಣ್ಣದ ವಾಲಿದ ಕಲ್ಲುಗಳ ನಡುವೆ ಹೊಸ ಹಲ್ಲು ಕಟ್ಟಿಸಿದ ಹಾಗೆ. ಯುದ್ಧ ಮುಗಿದು ಐವತ್ತು ವರ್ಷ ಆಯಿತು, ಇವರು ಯಾರು ಏನು ಅಂತ ಒಂದು ಸಣ್ಣ ಪುಸ್ತಕ ಮಾಡಬಾರದೇ ಎಂದು ಪಾದ್ರಿ ಕೇಳಿದಾಗ ಕಲಿತವರೆಲ್ಲ ತಲೆ ತಗ್ಗಿಸಿ ಬಿಸ್ಕತ್ತು ನೋಡಿದರು, ಕೈ ಎತ್ತಿದವಳು ರೋಡಾ, ಯಾಕೆ ಎತ್ತಿದಳೋ, ಆಮೇಲೆ ಅದೊಂದು ಹುಚ್ಚಾಯಿತು — ಪಾತ್ರೆ ತೊಳೆಯುವಾಗ ಸತ್ತವರು, ಬಸ್ಸಿನಲ್ಲಿ ಸತ್ತವರು, ಒಬ್ಬ ಪಾರಿವಾಳ ಸಾಕಿದ್ದ, ಒಬ್ಬ ಶ್ವಾಸಕೋಶ ಸುಟ್ಟುಕೊಂಡು ಬಂದು ಅಮ್ಮನ ಮಂಚದಲ್ಲೇ ಮೂರು ತಿಂಗಳು ಕೆಮ್ಮಿ ಸತ್ತ, ಇನ್ನೊಬ್ಬನಿಗೆ ಮದುವೆಯ ಕೋಟು ಹೊಲಿಸಿ ಇಟ್ಟಿದ್ದರು, ಹೂಳುವಾಗ ಅದನ್ನೇ ಹಾಕಿದರು, ತೋಳು ಗಿಡ್ಡವಾಗಿತ್ತಂತೆ. ಇಷ್ಟೆಲ್ಲ ಹೇಳಿದ ಮುದುಕರು ಏಳನೆಯ ಕಲ್ಲಿಗೆ ಬಂದ ಕೂಡಲೇ ಮೋಡ ನೋಡುತ್ತಿದ್ದರು. ಲೆಸ್ಲಿ ಹೆಸ್ಲಪ್, ವಾಯುಪಡೆ, ಇಪ್ಪತ್ತು ವರ್ಷ, ೧೯೪೦ರ ಆಗಸ್ಟು, ಕೆಳಗೆ ಮನೆಯವರು ಕೆತ್ತಿಸಿದ ಸಾಲು, ಅಮ್ಮ ಬಾಗಿಲು ಹಾಕಿಲ್ಲ ಮಗು. ಬೈಕಿನಿಂದ ಬಿದ್ದನಂತೆ, ಅಂದರು ಒಬ್ಬರು. ಪರ ಊರಿನವ, ನಮಗೇನು ಗೊತ್ತು, ಅಂದರು ಇನ್ನೊಬ್ಬರು. ಪಬ್ಬಿನ ಮೂಲೆಯಲ್ಲಿ ಕೂರುವ ಸ್ಟ್ಯಾಂಪ್ ಎಂಬ ಮುದುಕ ಮಾತ್ರ ಗ್ಲಾಸಿನ ನೊರೆ ಊದಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದ, ನಿಮ್ಮಪ್ಪನ್ನೇ ಕೇಳು ಹುಡುಗಿ, ಆ ಕಲ್ಲಿನ ಹುಲ್ಲು ಕತ್ತರಿಸೋದು ಅವನೇ ಅಲ್ವಾ.

ಹೌದು, ಹುಲ್ಲು ಕತ್ತರಿಸುವುದು ಅವನೇ, ಕುರಿಯ ಉಣ್ಣೆ ತೆಗೆಯುವ ದೊಡ್ಡ ಕತ್ತರಿ ಹಿಡಿದು, ಮಂಡಿಯೂರಿ, ಭಾನುವಾರ ಎಲ್ಲರೂ ಒಳಗೆ ಹಾಡು ಹೇಳುವಾಗ ಹೊರಗೆ ಕಚ್ ಕಚ್, ಅವಳು ಚಿಕ್ಕವಳಿದ್ದಾಗ ಅದನ್ನು ಅಪ್ಪನ ಭಕ್ತಿ ಅಂದುಕೊಂಡಿದ್ದಳು, ಆಮೇಲೆ ಚರ್ಚಿನೊಳಗೆ ಕೂರಲಾರದ ಸೋಮಾರಿತನ ಅಂದುಕೊಂಡಳು. ಊರಿಗೆ ಅವನೊಂದು ತಮಾಷೆ. ಇಲ್ಲಿಯ ದಾರಿಗಳು ಬೇಲಿಯ ನಡುವೆ ಒಂದು ಗಾಡಿಗೆ ಮಾತ್ರ ಸಾಕು, ಎದುರು ಬಂದವನು ಬದಿಗೆ ಸರಿದು ಜಾಗ ಬಿಟ್ಟರೆ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳು ಎತ್ತಬೇಕು, ಅಷ್ಟೇ, ಬದ್ಧ ವೈರಿಗಳೂ ಎತ್ತುತ್ತಾರೆ, ಪಾದ್ರಿ ಇಡೀ ಅಂಗೈ ಎತ್ತುತ್ತಾನೆ, ಹರ್ಬರ್ಟ್ ಡೌಸ್ ಎತ್ತುವುದಿಲ್ಲ. ಯಾರಿಗೂ, ಎಂದೂ. ಡೌಸ್ ಬೆರಳೆತ್ತೋಕೂ ಬಾಡಿಗೆ ಕೇಳ್ತಾನೆ ಎಂದು ಊರು ನಗುತ್ತಿತ್ತು, ನಿಮ್ಮಪ್ಪನ ಕೈಗೆ ಮೊಳೆ ಹೊಡೆದಿದ್ದಾರೇನೇ ಎಂದು ಶಾಲೆಯಲ್ಲಿ ಹುಡುಗರು ಜಡೆ ಎಳೆದರು, ಅವಳು ಒಬ್ಬನ ಮೂಗು ಒಡೆದಳು, ಮನೆಗೆ ಬಂದು ಅಪ್ಪನ ಮೇಲೆ ಕೂಗಿದಳು, ಒಂದು ಬೆರಳಪ್ಪ, ಒಂದೇ ಬೆರಳು, ಅದಕ್ಕೇನು ಕೈ ಸವೆದು ಹೋಗುತ್ತಾ — ಅವನು ಎದ್ದು ದನದ ಕೊಟ್ಟಿಗೆಗೆ ಹೋದ. ಮತ್ತೆ ಗಿರಣಿ ತಿರುವು, ಮನೆಯಿಂದ ಕೂಗಳತೆಯ ದಾರಿ ಅದು, ಪೇಟೆಗೆ ಹತ್ತಿರ, ಅಪ್ಪ ಮಾತ್ರ ಟ್ರ್ಯಾಕ್ಟರನ್ನು ಊರೆಲ್ಲ ಸುತ್ತಿಸಿ ಒಯ್ಯುವನು, ಅಮ್ಮ ಸಾಯುವ ದಿನ ಡಾಕ್ಟರನ್ನು ಕರೆಯಲೂ ಸುತ್ತಿಕೊಂಡೇ ಹೋದ, ಅದನ್ನು ಅವಳು ಇನ್ನೂ ಕ್ಷಮಿಸಿಲ್ಲ.

ಆ ಹೆಂಗಸನ್ನು ಕರೆಸಿದವಳು ನಾನು, ಅವಳು ಕೇಳಿದರೆ ಏನು ಹೇಳಲಿ, ಬೈಕಿನಿಂದ ಬಿದ್ದ ಅನ್ನಲಾ, ಯಾವನು ಕಂಡಿದ್ದಾನೆ ಅನ್ನಲಾ, ರೋಡಾ ಚಾಕುವನ್ನು ಬ್ರೆಡ್ಡಿನಿಂದ ಕಿತ್ತಳು, ಅಪ್ಪ ಆ ಚಾಕುವನ್ನೇ ನೋಡುತ್ತ, ನಾನು ಕಂಡಿದೀನಿ, ಅಂದ. ದನಿ ಇಳಿದಿತ್ತು. ನಾನೇ ಗುಂಡು ಹೊಡ್ದಿದ್ದು. ಸಕ್ಕರೆ ಬಟ್ಟಲಿನ ಮುಚ್ಚಳ ಸರಿಯಾಗಿ ಕೂತಿಲ್ಲ, ಸರಿ ಮಾಡಬೇಕು, ಕೈ ಹೋಗುತ್ತಿಲ್ಲ — ಅವನು ಹೇಳುತ್ತಲೇ ಹೋದ, ಜರ್ಮನರು ಆಕಾಶದಿಂದ ಇಳಿದು ಬೈಕಿನಲ್ಲಿ ಬರ್ತಾರೆ ಅಂತ ಇಡೀ ದೇಶವೇ ನಡುಗುತ್ತಿದ್ದ ಬೇಸಿಗೆ, ಚರ್ಚಿನ ಗಂಟೆ ಹೊಡೆಯುವಂತಿಲ್ಲ, ದಾರಿ ತೋರಿಸುವ ಕಂಬಗಳನ್ನೆಲ್ಲ ಕಿತ್ತು ಕಣಜದಲ್ಲಿ ಒಟ್ಟಿದ್ದರು, ಊರಿನ ಕಾವಲಿಗೆ ಹೊಲದ ಹುಡುಗರೇ, ಅವನಿಗೆ ಇಪ್ಪತ್ತೆರಡು, ಕೈಗೆ ಹೊಸ ಬಂದೂಕು, ಗಿರಣಿ ತಿರುವಿನಲ್ಲಿ ಹುಲ್ಲಿನ ಗಾಡಿ ಅಡ್ಡ ನಿಲ್ಲಿಸಿ ಮುಸ್ಸಂಜೆಯ ಮಂಜಿನಲ್ಲಿ ನಿಂತಿದ್ದ. ಬೈಕು ಬಂತು. ನಿಲ್ಲು ಅಂದೆ, ಮೂರು ಸಲ ಅಂದೆ ರೋಡಾ, ಅವನು ನಿಲ್ಲಲಿಲ್ಲ, ಕೈ ಎತ್ತಿದ, ಬಾಂಬು ಎಸೀತಾನೆ ಅಂದ್ಕೊಂಡೆ. ಎತ್ತಿದ ಕೈ ಹಂಗೇ ಇತ್ತು ಕಣೆ, ಬಿದ್ದ ಮೇಲೂ. ಮೇಲಿನವರು ಬಂದು ಅಪಘಾತ ಅಂತ ಹೇಳಿ, ಯಾರೂ ಬಾಯಿ ಬಿಡಬೇಡಿ ಅಂದರು, ಊರು ಬಾಯಿ ಬಿಡಲಿಲ್ಲ. ರೋಡಾ ಏನು ಹೇಳಿದಳು, ಏನೋ ಹೇಳಿರಬೇಕು, ಹೇಳದೆ ಇರುವವಳಲ್ಲ, ಅವಳಿಗೆ ನೆನಪಿರುವುದು ತಾನು ಬ್ರೆಡ್ಡು ಕೊಯ್ಯುತ್ತಲೇ ಇದ್ದದ್ದು, ಒಂದೇ ದಪ್ಪಕ್ಕೆ, ತಟ್ಟೆ ತುಂಬಿ ಮೇಜಿನ ಮೇಲೂ ಬಿದ್ದದ್ದು, ಅಪ್ಪ ಕತ್ತರಿ ತೆಗೆದುಕೊಂಡು ಹಿತ್ತಲಿಗೆ ಹೋದದ್ದು, ಊರಿಗೆಲ್ಲ ಗೊತ್ತಿತ್ತು, ಪಬ್ಬಿನ ಮೂಲೆಗೂ ಗೊತ್ತಿತ್ತು, ಗೊತ್ತಿದ್ದೂ ಬೆರಳಿನ ತಮಾಷೆ ಮಾಡುತ್ತಿದ್ದರು, ಅಥವಾ ಮಾಡಿದವರು ಗೊತ್ತಿಲ್ಲದ ಎಳೆಯರೇ ಇರಬೇಕು, ಗೊತ್ತಿದ್ದವರು ಎಂದಾದರೂ ನಕ್ಕರೇ, ಸ್ಟ್ಯಾಂಪ್ ನಕ್ಕನೇ, ಇಲ್ಲ, ಅವನು ನೊರೆ ಊದುತ್ತಿದ್ದ. ಬೈಕಿನವನು ನಿಲ್ಲಲಿಲ್ಲ ತಾನೇ, ನಿಲ್ಲದವನನ್ನು ಹೊಡೆಯುವುದೇ ಅಪ್ಪಣೆ, ಅಪ್ಪನದೇನು ತಪ್ಪು, ನಿಲ್ಲಬೇಕಿತ್ತು ಆ ಪೋರ, ಕಿವಿ ಎಲ್ಲಿಟ್ಟಿದ್ದ.

ಟ್ಯಾಕ್ಸಿ ಗೇಟಿನ ಹತ್ತಿರ ನಿಂತಿತು, ಹಿಂದಿನ ಗಾಜಿನಲ್ಲಿ ಬಿಳಿ ಕೈಗವಸಿನ ಕೈಯೊಂದು ಮೇಲೆದ್ದಿತು, ನಮಸ್ಕಾರಕ್ಕೆ, ರೋಡಾಳ ಕೈ ಏಳಲಿಲ್ಲ, ಏಳಲೇ ಇಲ್ಲ, ಏಪ್ರನ್ನಿನ ಜೇಬಿನಲ್ಲಿ ಕಲ್ಲಿನ ಹಾಗೆ ಕೂತಿತು. ಎನಿಡ್ ಹೆಸ್ಲಪ್ ಸಣ್ಣ ಆಳು, ಕೂತರೆ ಕಾಲು ನೆಲಕ್ಕೆ ಮುಟ್ಟುವುದಿಲ್ಲ, ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬ್ರೆಡ್ಡು ಚೆನ್ನಾಗಿದೆ ಅಂದಳು, ಎಷ್ಟು ಹಸಿರು ನಿಮ್ಮ ಊರು ಅಂದಳು, ದಾರಿ ಸಿಗೋದೇ ಕಷ್ಟ ಆಯ್ತು ಅಂದಳು, ಪ್ರತಿಯೊಂದು ಮಾತೂ ರೋಡಾಳಿಗೆ ಚುಚ್ಚುತ್ತಿದೆ, ಹಿತ್ತಲ ಬಾಗಿಲು ತೆರೆದೇ ಇದೆ, ಆಚೆ ಕತ್ತರಿಯ ಕಚ್ ಕಚ್ ಕೇಳುತ್ತಿದೆ, ಬೇಲಿಯಲ್ಲಿ ಕತ್ತರಿಸುವುದಕ್ಕೆ ಏನೂ ಇಲ್ಲ, ಮೊನ್ನೆ ತಾನೇ ಕತ್ತರಿಸಿದ್ದ. ಹೇಳಲಾ, ಹೇಳಿದರೆ ಅಪ್ಪ ಉಳಿಯುವುದಿಲ್ಲ, ಎಪ್ಪತ್ತೇಳಾಯಿತು, ಇನ್ನೆಷ್ಟು ದಿನ, ಸುಮ್ಮನಿರು ರೋಡಾ, ಒಂದು ಸಲವಾದರೂ ನಾಲಿಗೆ ಬಿಗಿಹಿಡಿ, ಬೈಕಿನಿಂದ ಬಿದ್ದ ಅಂತ ಐವತ್ತೈದು ವರ್ಷ ನಂಬಿದವಳು ಇನ್ನು ಐದು ವರ್ಷ ನಂಬಲಿ, ಯಾರಿಗೇನು ನಷ್ಟ. ನನಗೆ ಒಂದೇ ಒಂದು ಗೊತ್ತಾಗ್ಬೇಕು ನೋಡಿ, ಎನಿಡ್ ಬಟ್ಟಲು ಕೆಳಗಿಟ್ಟಳು, ಆ ಬೈಕಿನ ಬ್ರೇಕು. ರೋಡಾಳಿಗೆ ಅರ್ಥವಾಗಲಿಲ್ಲ. ಬ್ರೇಕು ರಿಪೇರಿ ಮಾಡಿ ಕೊಟ್ಟವನು ನಮ್ಮ ಇನ್ನೊಬ್ಬ ಅಣ್ಣ, ಕ್ಲಿಫ್, ರಜೆ ಮುಗಿಸಿ ಲೆಸ್ಲಿ ಹೊರಡೋ ಬೆಳಿಗ್ಗೆ, ಬೈಕಿನ ಅಪಘಾತ ಅಂತ ಸುದ್ದಿ ಬಂದ ದಿನದಿಂದ ನಮ್ಮಮ್ಮ ಕ್ಲಿಫ್ ಜೊತೆ ಮಾತಾಡಲಿಲ್ಲ, ಒಂದೇ ಮನೇಲಿ, ಹದಿನೇಳು ವರ್ಷ, ಸಾಯೋವಾಗಲೂ ಗೋಡೆ ಕಡೆ ತಿರುಗಿ ಸತ್ತಳು, ಕ್ಲಿಫ್ ಆಮೇಲೆ ಸೈಕಲ್ಲು ಕೂಡ ಮುಟ್ಟಲಿಲ್ಲ, ಮದುವೆ ಆಗಲಿಲ್ಲ, ಈಗ ನನ್ನ ಜೊತೇಲೇ ಇದ್ದಾನೆ, ಕಣ್ಣು ಕಾಣಲ್ಲ, ಇವತ್ತು ಹೊರಡುವಾಗ ಬಾಗಿಲಲ್ಲಿ ನನ್ನ ತೋಳು ಹಿಡಿದು, ಬ್ರೇಕಿನ ವಿಷಯ ಕೇಳ್ಕೊಂಡು ಬಾ ಅಂದ, ಇನ್ನೇನೂ ಅನ್ನಲಿಲ್ಲ.

ಕತ್ತರಿಯ ಸದ್ದು ನಿಂತಿದೆ. ಯಾವಾಗ ನಿಂತಿತು. ಬಾಗಿಲಲ್ಲಿ ನೆರಳು ಬಿತ್ತು, ಅಪ್ಪ ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದಾನೆ, ಬೂಟಿನ ಕೆಸರು ಒರೆಸಿಕೊಳ್ಳಲೂ ಇಲ್ಲ, ಬ್ರೇಕು ಸರಿಯಾಗಿತ್ತು ತಾಯಿ, ಅಂದ. ಎನಿಡ್ ಕುರ್ಚಿಯಲ್ಲೇ ತಿರುಗಿದಳು. ಚೆನ್ನಾಗಿ ಹಿಡೀತು ಬ್ರೇಕು, ನಿಮ್ಮಣ್ಣ ನಿಂತ, ಗಾಡಿಗೆ ಮೂರು ಮಾರು ದೂರದಲ್ಲೇ ನಿಂತ, ಒಂದು ಕಾಲು ನೆಲಕ್ಕೆ ಊರಿದ್ದ, ದಾರಿ ಕೇಳೋಕೆ ಕೈ ಎತ್ತಿದ, ನಾನು ಹೊಡೆದೆ. ನಿಲ್ಲಲಿಲ್ಲ ಅಂತ ಆಮೇಲೆ ಹೇಳಿದೆ, ಎಲ್ಲರಿಗೂ ಹಾಗೇ ಹೇಳ್ಕೊಂಡು ಬಂದೆ — ರೋಡಾಳ ಕಡೆ ನೋಡದೆ — ಇವಳಿಗೂ, ಈಗ ತಾನೇ. ಕಿಟಕಿಯ ಗಾಜಿಗೆ ನೊಣ ತಾಕಿ ತಾಕಿ ಬೀಳುತ್ತಿತ್ತು. ಎನಿಡ್ ಅಳಲಿಲ್ಲ, ಬೈಯಲಿಲ್ಲ, ರೋಡಾ ಕಾಯುತ್ತಿದ್ದಾಳೆ ಬೈಯಲಿ ಎಂದು, ಬೈದರೆ ತಾನೂ ಏನಾದರೂ ಬೈಯಬಹುದು, ಬೈಯುವುದು ತನಗೆ ಬರುತ್ತದೆ, ಆ ಹೆಂಗಸು ಕೈಗವಸನ್ನು ಒಂದೊಂದೇ ಬೆರಳು ಎಳೆದು ಕಳಚಿದಳು, ಫೋನ್ ಇದೆಯಾ ನಿಮ್ಮಲ್ಲಿ ಅಂದಳು, ಅಪ್ಪನಿಗಲ್ಲ, ರೋಡಾಳಿಗೂ ಅಲ್ಲ, ಮೇಜಿಗೆ ಹೇಳಿದ ಹಾಗೆ, ಕ್ಲಿಫ್‌ಗೆ ಹೇಳ್ಬೇಕು, ಮೊದಲು ಅವನಿಗೆ ಹೇಳ್ಬೇಕು. ರೋಡಾ ನಡುಮನೆಗೆ ಕರೆದೊಯ್ದು ಫೋನು ತೋರಿಸಿದಳು, ಹಿಂದೆ ಕೇಳಿಸಿತು, ಗೋಡೆಯ ಆಚೆ, ನೀನೇನೂ ಮಾಡಿಲ್ಲ ಕ್ಲಿಫ್, ಬ್ರೇಕು ಹಿಡೀತಂತೆ, ಹಿಡೀತಂತೆ ಕಣೋ, ಕೇಳಿಸ್ತಾ — ಮತ್ತೆ ಅಡುಗೆಮನೆಗೆ ಬಂದರೆ ಬಾಗಿಲಲ್ಲಿ ಯಾರೂ ಇಲ್ಲ, ನೆಲದ ಮೇಲೆ ಬೂಟಿನ ಗುರುತು, ಮೆಟ್ಟಿಲ ಮೇಲೆ ಕತ್ತರಿ, ಬಾಯಿ ಮುಚ್ಚಿ ಚರ್ಮದ ಪಟ್ಟಿ ಬಿಗಿದು ಇಟ್ಟಿದ್ದಾನೆ, ಕೆಲಸ ಪೂರ್ತಿ ಮುಗಿದ ದಿನ ಇಡುವ ಹಾಗೆ.

ಗೇಟಿಗೆ ಓಡಿದಳು, ಚರ್ಚಿನ ಕಡೆ ನೋಡಿದಳು, ಇಲ್ಲ, ಅವನು ಈ ಕಡೆ, ಗಿರಣಿ ತಿರುವಿನ ಕಡೆ, ಅವಳು ಹುಟ್ಟಿದಾಗಿನಿಂದ ಅವನು ತುಳಿಯದ ದಾರಿಯಲ್ಲಿ, ತಿರುವು ದಾಟಿದರೆ ಮೊದಲು ಸಿಗುವುದೇ ಕಾಲುವೆ, ಅವಸರವಿಲ್ಲದೆ, ದನ ಹೊಡೆದುಕೊಂಡು ಹೋಗುವವನ ನಡಿಗೆ. ಅಪ್ಪ, ನಿಲ್ಲು ಎಂದು ಕೂಗಿದಳು, ಬೇಲಿಯ ಗುಬ್ಬಿಗಳು ಎದ್ದವು, ಅವನು ನಿಲ್ಲಲಿಲ್ಲ, ನಿಲ್ಲು ಅಂದೆ — ಎರಡನೆಯ ಸಲ, ಶಾಲೆಯ ಗದ್ದಲ ಸೀಳುವ ದನಿ, ಮೂರನೆಯದನ್ನು ಅವಳು ಕೂಗಲಿಲ್ಲ, ಮೂರು ಸಲ ಅಂದೆ ಎಂದು ಅಪ್ಪ ಹೇಳಿದ್ದು ಇದೇ ಮಾತು ಎಂದು ಅವಳಿಗೆ ಆಗ ಹೊಳೆಯಿತು. ಆಮೇಲೆ ಪೊಲೀಸರು ಕೇಳುವರು ಯಾವ ಕೋಟು, ಯಾವ ಟೋಪಿ ಎಂದು, ಕಾಲುವೆಯ ನೀರು ಇಳಿಸುವರು, ಸ್ಟ್ಯಾಂಪ್ ಮುದುಕ ದಂಡೆಯ ಮೇಲೆ ಕೋಲು ಊರಿ ನಿಂತಿರುವನು, ಎನಿಡ್ ಒಣಗಿದ ಬ್ರೆಡ್ಡನ್ನು ತಾನೇ ಎತ್ತಿ ಹಕ್ಕಿಗೆ ಹಾಕುವಳು, ಕೊನೆಗೆ ಕಂಡದ್ದು ಹೇಗೆ ಎಂದು ಕೇಳುವರು, ಏನು ಹೇಳುವುದು — ತಿರುವಿನಲ್ಲಿ, ಹುಲ್ಲಿನ ಗಾಡಿ ನಿಂತಿದ್ದ ಜಾಗದಲ್ಲಿ, ತಿರುಗದೆ, ಹಿಂದೆ ನೋಡದೆ, ಮೊದಲು ಒಂದು ಬೆರಳು, ಆಮೇಲೆ ಪೂರ್ತಿ ಅಂಗೈ, ಅಪ್ಪ ಕೈ ಎತ್ತಿದ, ಬೇಲಿ ಅವನ ಭುಜ ನುಂಗಿತು, ಟೋಪಿ ನುಂಗಿತು, ಬೇಲಿಯ ಮೇಲೆ ಇನ್ನೂ ಆ ಕೈ, ಎತ್ತಿದ ಹಾಗೇ ಆ ಕೈ, ಆ ಕೈ