ಸುಣ್ಣದ ಗೋಡೆಯ ಕೆಂಪು ಚುಕ್ಕೆ

ನನ್ನ ಗಂಡ ದಿನಾ ಸಂಜೆ ತಮ್ಮ ಹೆತ್ತ ತಾಯಿಗೆ ಬಂದೂಕು ಗುರಿಯಿಡುತ್ತಿದ್ದರು. ಹೀಗೆ ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಬರಲಿ, ನಡೆದದ್ದು ಅದೇ.

ಅವರ ಹೆಸರು ಸಂಭಾಜಿ. ಮಿಲಿಟರಿಯಿಂದ ನಿವೃತ್ತರಾಗಿ ನಮ್ಮೂರು ಉಗಾರ ಬುದ್ರುಕಿಗೆ ಬಂದ ಮೇಲೆ ಬೆಳೆ ಕಾಯಲೆಂದು ಪರವಾನಗಿ ಮಾಡಿಸಿ ರೈಫಲ್ ತಂದರು. ನದಿ ದಂಡೆಯ ಕಬ್ಬಿಗೆ ಹಂದಿ ಬೀಳುವುದು ಸುಳ್ಳಲ್ಲ. ರೈಫಲಿಗೆ ಒಂದು ದುರ್ಬೀನು ಕೂಡಿಸಿದ್ದರು, ಅದು ಸಡಿಲಾಗಿ ಗುರಿ ತಪ್ಪುತ್ತಿತ್ತು. ಹಾರಿಸಿ ಹಾರಿಸಿ ಸರಿಮಾಡೋಣವೆಂದರೆ ಪರವಾನಗಿಯ ಮೇಲೆ ಸಿಗುವ ಗುಂಡುಗಳೇ ಕಡಿಮೆ. ಅದಕ್ಕೆ ಒಂದು ಲೇಸರ್ ತರಿಸಿದರು. ನೋಡಲು ಥೇಟ್ ಗುಂಡಿನ ಹಾಗೆಯೇ, ಹಿತ್ತಾಳೆಯದು. ಹಿಂದಿನ ತಿರುಪು ತಿರುಗಿಸಿ ದೀಪ ಹಚ್ಚಿ, ಗುಂಡು ಕೂರುವ ಜಾಗದಲ್ಲಿ ಅದನ್ನಿಟ್ಟರೆ ನಳಿಕೆಯೊಳಗಿಂದ ಬೆಳಕು ನೆಟ್ಟಗೆ ಹೋಗಿ ದೂರದ ಗೋಡೆಯ ಮೇಲೆ ಕೆಂಪು ಚುಕ್ಕೆಯಾಗಿ ಬೀಳುತ್ತದೆ. ದುರ್ಬೀನಿನೊಳಗೆ ಕಾಣುವ ಅಡ್ಡಗೆರೆ ಉದ್ದಗೆರೆ ಕೂಡುವ ಜಾಗವನ್ನು ಆ ಚುಕ್ಕೆಯ ಮೇಲೆ ತಂದು ಬಿಗಿದರೆ ಗುರಿ ಸರಿಯಾಯಿತು.

ದೂರದ ಗೋಡೆ ಅಂದರೆ ಯಾವುದು? ಎದುರಿನ ಕಬ್ಬು ಕಡಿದ ಮೇಲೆ ನಮ್ಮ ಕಟ್ಟೆಯಿಂದ ನೇರ ಕಾಣುವುದು ಭಾವ ದಾದಾಸಾಹೇಬರ ಮನೆಯ ಹಿಂಬದಿಯ ಸುಣ್ಣದ ಗೋಡೆ ಒಂದೇ. ಅತ್ತೆ ತುಳಸವ್ವ ಇರುವುದು ಆ ಮನೆಯಲ್ಲಿ. ಹೊಲ ಪಾಲಾದ ದಿನ ಅತ್ತೆ ಈ ಕಿರಿಮಗನಿಗೆ, "ಇನ್ನ ನಿನ್ನ ಮಾರಿ ನೋಡಂಗಿಲ್ಲ" ಎಂದರು. ಅಂದಂತೆಯೇ ನಡೆದರು. ಭಾವನಂತೂ ತಮ್ಮ ಕೆಮ್ಮಿದರೂ ಅದರಲ್ಲಿ ಕೇಡು ಹುಡುಕುವ ಮನುಷ್ಯ.

ಮೊದಲ ಸಂಜೆ ಚುಕ್ಕೆ ಬಿದ್ದಾಗ ಅತ್ತೆ ಒಲೆಗೆ ಕುಳ್ಳು ಒಯ್ಯಲು ಹಿತ್ತಲಿಗೆ ಬಂದಿದ್ದರು. ಹೊತ್ತು ಮುಳುಗುವ ಸಮಯ, ಬಿಳಿ ಗೋಡೆಯ ಮೇಲೆ ತಾನಾಗಿ ಮೂಡಿದ ಕುಂಕುಮ! ಅತ್ತೆ ಚಿಂಚಲಿಯ ಮಾಯಕ್ಕ ದೇವಿಯ ಭಕ್ತೆ. ಬುಟ್ಟಿ ಕೆಳಗಿಟ್ಟು ಕೈಮುಗಿದರು. ಮರುದಿನ ಆ ಜಾಗಕ್ಕೆ ದೇವಿಯ ಭಂಡಾರದ ಅರಿಸಿನ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯುತ್ತ ನಿಂತರು.

ನನಗೆ ನಗು ಬರಲಿಲ್ಲ.

"ಗುರಿ ಸರಿ ಆತಲ್ಲ, ಇನ್ನ ಬಂದೂಕ ಒಳಗ ಇಡ್ರಿ," ಎಂದೆ.

"ತಡಿ. ಅವ್ವ ನೋಡ, ಹೆಂಗ ನಿಂತಾಳ! ಕಿವಿಯಾಗಿನ ಬುಗುಡಿ ಸುದ್ದಾ ಕಾಣಸ್ತಾವ."

ಅಲ್ಲಿಂದ ಅದು ದಿನದ ರೂಢಿಯಾಯಿತು. ಅತ್ತೆ ಹೊರಬರುವ ಹೊತ್ತಿಗೆ ಇವರು ಕಟ್ಟೆಯ ಮೇಲಿನ ಮರಳಿನ ಚೀಲಕ್ಕೆ ರೈಫಲ್ ಒರಗಿಸಿ ಕೂರುತ್ತಿದ್ದರು. ಮುಖ ನೋಡುವುದಿಲ್ಲ ಎಂದ ತಾಯಿ ಇವರ ಬೆಳಕಿಗೆ ಕೈಮುಗಿಯುತ್ತಿದ್ದರು. ಇವರ ಖುಷಿ ನನಗೆ ಅರ್ಥವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ತಾಯಿಯ ಮೇಲೆ ಅಷ್ಟು ಜೀವವಿದ್ದರೆ ಹೊಲ ದಾಟಿ ಹೋಗಿ ಕಾಲಿಗೆ ಬೀಳಬಾರದೇ? ಮೇಲಾಗಿ ಇವರದೊಂದು ಮಿಲಿಟರಿ ಚಾಳಿ. ರೈಫಲ್ ಎತ್ತಿಡುವ ಮೊದಲು ಕುದುರೆ, ಅಂದರೆ ಟ್ರಿಗರ್, ಎಳೆದು ಒಳಗಿನ ಸ್ಪ್ರಿಂಗ್ ಇಳಿಸಲೇಬೇಕು. ಟಕ್ ಎನ್ನುವ ಆ ಸದ್ದಿಗೆ ಒಲೆಯ ಮುಂದೆ ನನ್ನ ಕೈ ದಿನಾ ನಿಲ್ಲುತ್ತಿತ್ತು.

"ಒಳಗ ಗುಂಡ ಇಲ್ಲ ನೀಲಮಾ, ಯಾಕ ಹೆದರ್ತಿ?"

"ಎರಡೂ ಒಂದ ನಮೂನಿ ಅದಾವು. ಅದಕ್ಕ ಹೆದರ್ತೀನ್ರಿ."

"ನಾ ಏನ್ ಕುಡ್ಡ ಅದೇನಿ?"

ಆ ದಿನ ಕಾಲುವೆ ಬದಿಯ ಕಬ್ಬಿಗೆ ಹಂದಿ ಬಿದ್ದಿವೆ ಎಂದು ಸುದ್ದಿ ಬಂತು. ಇವರು ಗುಂಡು ತುಂಬಿಕೊಂಡು ಹೋದರು. ಹಂದಿ ಸಿಗಲಿಲ್ಲ. ತಾಯಿ ಹೊರಬರುವ ಹೊತ್ತಾಯಿತೆಂದು ದಾಪುಗಾಲು ಹಾಕುತ್ತ ಮನೆಗೆ ಬಂದರು. ನಾನು ಚಹಾಕ್ಕೆ ಒಳಗೆ ಹೋಗಿದ್ದೆ, ಆಮೇಲೆ ನಡೆದದ್ದನ್ನು ಅವರೇ ಹೇಳಬೇಕಾಯಿತು. ಗುಂಡು ತೆಗೆದು ಅಂಗಿಯ ಕಿಸೆಗೆ ಹಾಕಿದ್ದಾರೆ. ಅದೇ ಕಿಸೆಯಿಂದ ಲೇಸರ್ ತೆಗೆದು ದೀಪ ಹಚ್ಚಿದ್ದಾರೆ. ಮರಳಿನ ಚೀಲ ಜಾರಿದ್ದರಿಂದ ಅದನ್ನೆತ್ತಲು ಲೇಸರನ್ನು ಮತ್ತೆ ಕಿಸೆಗೇ ಹಾಕಿದ್ದಾರೆ. ಅಷ್ಟರಲ್ಲಿ ಅತ್ತೆ ಗೋಡೆಯ ಹತ್ತಿರ ಬಂದಿದ್ದರು. ಕಣ್ಣು ಅತ್ತ ನೆಟ್ಟು, ಕೈಗೆ ಸಿಕ್ಕಿದ್ದನ್ನು ರೈಫಲಿಗೆ ಹಾಕಿ ಬೋಲ್ಟ್ ಮುಚ್ಚಿದ್ದಾರೆ.

ನಾನು ಚಹಾ ಹಿಡಿದು ಬಂದಾಗ ಗೋಡೆಯ ಮೇಲೆ ಚುಕ್ಕೆ ಇರಲಿಲ್ಲ. ಅತ್ತೆ ಭಂಡಾರದ ಗುರುತನ್ನು ಸವರಿ ಸವರಿ ನೋಡುತ್ತಿದ್ದರು. ದೇವಿ ಮುನಿದಳು ಅಂದುಕೊಂಡರೋ ಏನೋ, ಅದೇ ಜಾಗಕ್ಕೆ ಹಣೆ ಹಚ್ಚಿ ನಿಂತುಬಿಟ್ಟರು.

"ಲೇಸರಿನ ಸೆಲ್ಲ ಹೋಗೇತಿ ಕಾಣಸ್ತೈತಿ," ಎಂದರು ಇವರು, ದುರ್ಬೀನಿನಿಂದ ಕಣ್ಣು ತೆಗೆಯದೆ. "ಇರ್ಲಿ, ಅವ್ವನ ತಲಿ ಬರೋಬ್ಬರಿ ಕಾಣಾಕತ್ತೈತಿ. ಕುದರಿ ಇಳಿಸಿ ಎತ್ತಿಡತೇನಿ."

ಬೆರಳು ಕುದುರೆಯ ಮೇಲೆ ಹೋಯಿತು. ಆಗ ನನಗೆ ಕಂಡಿತು. ಅವರ ಬಿಳಿ ಅಂಗಿಯ ಕಿಸೆಯೊಳಗಿಂದ ಕೆಂಪು ಬೆಳಕು ಹೊರಗೆ ತೋರುತ್ತಿತ್ತು.

ಚಹಾ ಎಲ್ಲಿ ಚೆಲ್ಲಿತೋ ತಿಳಿಯದು. ಚೀರಿಕೊಂಡು ಅವರ ಮೊಣಕೈ ಮೇಲೆ ಬಿದ್ದೆ. ಗುಂಡು ಹಾರಿತು.

ಗೋಡೆಯಿಂದ ಸುಣ್ಣದ ಧೂಳು ಎದ್ದಿತು. ಅದರೊಳಗೆ ಅತ್ತೆ ಕಾಣಲಿಲ್ಲ. ಇವರು ರೈಫಲ್ ಬಿಟ್ಟು ಎದ್ದುನಿಂತರು. ಧೂಳು ಇಳಿದಾಗ ಅತ್ತೆ ನೆಲದ ಮೇಲೆ ಕೂತಿದ್ದರು. ಅವರು ಹಣೆ ಹಚ್ಚಿದ್ದ ಜಾಗದಿಂದ ಒಂದು ಗೇಣು ಮೇಲೆ ಗೋಡೆಗೆ ತೂತು ಬಿದ್ದಿತ್ತು. ಮೆಲ್ಲಗೆ ಎದ್ದರು, ತೂತನ್ನು ನೋಡಿದರು, ಎರಡೂ ಕೈ ಎತ್ತಿ ಮುಗಿದರು. ಹಂದಿ ಬೆದರಿಸಲು ದಿನಾ ಪಟಾಕಿ ಹೊಡೆಯುವ ಊರು, ಸದ್ದಿಗೆ ಯಾರೂ ಹೊರಗೆ ಬರಲಿಲ್ಲ.

ಭಾವ ಕಬ್ಬಿನ ಟ್ರ್ಯಾಕ್ಟರ್ ಜೊತೆ ಸಕ್ಕರೆ ಕಾರ್ಖಾನೆಯ ಸಾಲಿನಲ್ಲಿದ್ದರು, ರಾತ್ರಿ ಬರುವಂತಿರಲಿಲ್ಲ.

"ಭಾವಾರು ಬಂದ ಗೋಡಿ ನೋಡೂದರೊಳಗ ನೀವ ಹೋಗಿ ಹೇಳ್ರಿ," ಎಂದೆ. "ಇಲ್ಲಂದ್ರ ಕೊಲ್ಲಾಕ ಹೊಡದಾನ ಅಂತಾರ. ಯಾರ ಇಲ್ಲಂತಾರ?"

ಬೆಳಿಗ್ಗೆ ಇಬ್ಬರೂ ಹೊಲ ದಾಟಿದೆವು. ಅತ್ತೆ ಆ ತೂತಿನ ತುಂಬ ಕುಂಕುಮ ತುಂಬಿ, ಕೆಳಗೆ ಹೋಳಿಗೆಯ ನೈವೇದ್ಯ ಇಟ್ಟಿದ್ದರು. ನಮ್ಮನ್ನು ಕಂಡು ಮುಖ ತಿರುಗಿಸಲಿಲ್ಲ. ಅಷ್ಟಕ್ಕೇ ಇವರ ಕಣ್ಣು ತುಂಬಿದವು.

"ಅವ್ವಾ, ಅದು ದೇವರಲ್ಲ. ನಿನ್ನಿ ನಾನ..."

"ಸುಮ್ನಿರಲೇ. ನಿನ್ನಿ ಮಾಯಕ್ಕ ಬಾಯಿ ಬಿಟ್ಟ ಗುಡಗ್ಯಾಳ. ಸಣ್ಣ ಮಗನ ಮಾರಿ ನೋಡವಲ್ಲಿ, ಅದಕ್ಕ ಮುನದೇನಿ ಅಂತ ನನಗಷ್ಟ ತಿಳಿಯೂ ಹಂಗ ಹೇಳ್ಯಾಳ. ನಾನ ನಿನ್ನ ಮನಿಗೆ ಬರಾಕಿ ಇದ್ದೆ, ನೀನ ಬಂದಿ. ಬಾ ಇಲ್ಲಿ."

ಇವರು ನನ್ನತ್ತ ನೋಡಿದರು. "ಹೇಳ್ರಿ," ಎಂದೆ. ಹೇಳಿದರೆ ದೇವಿ ಹೋಗುತ್ತಾಳೆ, ದೇವಿಯ ಹಿಂದೆ ತಾಯಿಯೂ ಹೋಗುತ್ತಾರೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಅತ್ತೆ ತೂತಿನೊಳಗೆ ಬೆರಳು ಹಾಕಿ ಕುಂಕುಮ ತೆಗೆದರು. ಮಗನ ಗದ್ದ ಹಿಡಿದು, ಹಣೆಯ ನಟ್ಟನಡುವೆ ಒತ್ತಿ ಹಚ್ಚಿದರು. ಇವರು ತಲೆ ತಗ್ಗಿಸಿದರು, ಏನೂ ಹೇಳಲಿಲ್ಲ.

ರಸ್ತೆಯ ತಿರುವಿನಲ್ಲಿ ಭಾವನ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಇವರು ತಲೆಯೆತ್ತಿ ಅತ್ತ ನೋಡಿದರು. ಆ ಕೆಂಪು ಚುಕ್ಕೆ ಈಗ ಅವರ ಹಣೆಯ ಮೇಲಿತ್ತು.